ಮಗುವಿನ ತಲೆಬುರುಡೆಯ ಹೊಲಿಗೆಗಳು, ಅಲ್ಲಿನ ಕಾಂಡಕೋಶಗಳು, ಎಳೆತ ಮತ್ತು ಒತ್ತಡ: ಪದೇ ಪದೇ ಕೇಳುವ ಪ್ರಶ್ನೆಗಳು

ತಲೆಬುರುಡೆಗೆ ಹೊಲಿಗೆ ಅಂದರೆ ಏನು? ಯಾರು ಹೊಲಿದದ್ದು?

ಯಾರೂ ಹೊಲಿದದ್ದಲ್ಲ. ನೋಡೋಕೆ ಹೊಲಿಗೆ ಥರ ಇರುವುದರಿಂದ ಆ ಹೆಸರು. ತಲೆಯ ಮೇಲ್ಭಾಗ ಒಂದೇ ಮೂಳೆಯ ಬಟ್ಟಲಲ್ಲ. ಹಣೆಯಲ್ಲಿ ಎರಡು, ನೆತ್ತಿಯ ಎಡಬಲಕ್ಕೆ ಎರಡು, ಹಿಂದಲೆಗೆ ಒಂದು, ಹೀಗೆ ಬೇರೆ ಬೇರೆ ಹಲಗೆಗಳು ಹುಟ್ಟುವ ಮೊದಲೇ ತಯಾರಾಗಿರುತ್ತವೆ. ಎರಡು ಹಲಗೆಗಳ ಅಂಚು ಎದುರುಬದುರಾಗುವ ಕಡೆ ಸಣ್ಣ ಸಂದು ಉಳಿಯುತ್ತದೆ. ಆ ಸಂದೇ ಹೊಲಿಗೆ. ವೈದ್ಯರು ಸೂಚರ್ ಅನ್ನುತ್ತಾರೆ.

ಮುಖ್ಯವಾದವು ನಾಲ್ಕು ಬಗೆ. ಹಣೆಯ ನಡುವೆ ಮೆಟೋಪಿಕ್. ಒಂದು ಕಿವಿಯ ಕಡೆಯಿಂದ ಇನ್ನೊಂದು ಕಿವಿಯ ಕಡೆಗೆ, ಹೇರ್‌ಬ್ಯಾಂಡ್ ಹಾಕುವ ಜಾಗದಲ್ಲಿ ಕೊರೋನಲ್. ನಡುಬೈತಲೆಯ ಉದ್ದಕ್ಕೆ ಸ್ಯಾಜಿಟಲ್. ಹಿಂದಲೆಯಲ್ಲಿ ಲ್ಯಾಂಬ್ಡಾಯ್ಡ್. ಇವು ಸೇರುವ ಕಡೆ ಇನ್ನೂ ಅಗಲವಾದ ಮೆತ್ತನೆ ಜಾಗ ಇರುತ್ತದೆ. ಮಗುವಿನ ನೆತ್ತಿ ಅಂತ ನಾವೆಲ್ಲ ಮುಟ್ಟಿ ನೋಡುವುದು ಅದನ್ನೇ.

ಜನ ಇದನ್ನು ಖಾಲಿ ಬಿರುಕು ಅಂದುಕೊಳ್ಳುತ್ತಾರೆ. ಅದು ಖಾಲಿ ಅಲ್ಲ. ತಲೆಯಲ್ಲಿ ಮೂಳೆ ತಯಾರಾಗುವ ಮುಖ್ಯ ಕಾರ್ಖಾನೆಯೇ ಅದು. ಈ ಒಂದು ಮಾತು ಮನಸ್ಸಿಗೆ ಬಂದರೆ ಮುಂದಿನದೆಲ್ಲ ಸುಲಭ.

ಆ ಸಂದಿನೊಳಗೆ ಏನಿರುತ್ತದೆ?

ಇಲಿಮರಿಯ ಬುರುಡೆಯನ್ನು ತೆಳುವಾಗಿ ಸೀಳಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡಿ. ಎಡಕ್ಕೊಂದು ಮೂಳೆ, ಬಲಕ್ಕೊಂದು ಮೂಳೆ. ಎರಡರ ತುದಿಯೂ ಚೂಪು. ಆ ತುದಿಗಳಿಗೆ ಅಂಟಿಕೊಂಡು ದುಂಡನೆಯ, ದಪ್ಪ ಕೋಶಗಳು ಸಾಲಾಗಿ ನಿಂತಿರುತ್ತವೆ. ಮೂಳೆ ಕಟ್ಟುವ ಕೋಶಗಳು ಅವೇ. ನಡುವೆ ಬಂದರೆ ನೋಟ ಬದಲಾಗುತ್ತದೆ. ಕದಿರಿನ ಹಾಗೆ ತೆಳ್ಳಗಿನ, ಉದ್ದನೆ ಕೋಶಗಳು ಕೊಲಾಜನ್ ನಾರಿನ ನಡುವೆ ಒತ್ತೊತ್ತಾಗಿ ಮಲಗಿರುತ್ತವೆ. ಕೆಳಗೆ ಮಿದುಳನ್ನು ಹೊದ್ದ ಡ್ಯುರಾ ಪೊರೆ, ಮೇಲೆ ಮೂಳೆಯ ಹೊರಪೊರೆ. ನಾನು ಮೊದಲ ಸಲ ಇದನ್ನು ನೋಡಿದಾಗ ಎರಡು ಮೂಳೆಗಳ ನಡುವಿನ ಆ ಪಟ್ಟಿ ಎಷ್ಟು ಸಣ್ಣದು, ಎಷ್ಟು ಗಿಜಿಗಿಜಿ ಅಂತ ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ.

ಆ ನಡುವಿನ ತೆಳ್ಳಗಿನ ಕೋಶಗಳಲ್ಲಿ ಕೆಲವು ಕಾಂಡಕೋಶಗಳು. ಅಂದರೆ ತಾವೂ ಉಳಿದು, ಮೂಳೆ ಕಟ್ಟುವ ಕೋಶಗಳನ್ನೂ ಹುಟ್ಟಿಸಬಲ್ಲವು.

ಅವು ಕಾಂಡಕೋಶಗಳೇ ಅಂತ ಹೇಗೆ ಗೊತ್ತಾಯಿತು?

2015ರಲ್ಲಿ ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಯಾಂಗ್ ಚಾಯ್ ಅವರ ತಂಡ ಇಲಿಗಳಲ್ಲಿ ಗ್ಲಿ1 ಎಂಬ ಜೀನ್ ಚಾಲೂ ಇರುವ ಕೋಶಗಳಿಗೆ ಗುರುತು ಹಾಕಿ ಹಿಂಬಾಲಿಸಿತು. ಹುಟ್ಟಿದ ಹೊಸತರಲ್ಲಿ ಈ ಕೋಶಗಳು ಬುರುಡೆಯ ಪೊರೆಗಳಲ್ಲೆಲ್ಲ ಹರಡಿದ್ದವು. ತಿಂಗಳು ಕಳೆಯುವಷ್ಟರಲ್ಲಿ ಹೊಲಿಗೆಯ ನಡುವೆ ಮಾತ್ರ ಉಳಿದವು. ಅವುಗಳ ಮಕ್ಕಳು ಮೊಮ್ಮಕ್ಕಳು ಅಂಚಿಗೆ ಸರಿದು ಮೂಳೆಯಾದವು, ಡ್ಯುರಾ ಆದವು, ಹೊರಪೊರೆ ಆದವು. ಆಮೇಲೆ ಈ ಕೋಶಗಳನ್ನು ಬೇಕೆಂದೇ ಕೊಂದು ನೋಡಿದರು. ಹೊಲಿಗೆಗಳು ಮುಚ್ಚಿಹೋದವು, ತಲೆಯ ಬೆಳವಣಿಗೆ ನಿಂತಿತು.

ಇಲ್ಲೊಂದು ವಿಷಯ ಗಮನಿಸಿ. ಮೂಳೆ ಹುಟ್ಟಿಸುವ ಕೋಶಗಳನ್ನೇ ತೆಗೆದರೆ ಸಂದು ಇನ್ನೂ ಅಗಲವಾಗಬೇಕಿತ್ತು, ಅಲ್ವಾ? ಆದದ್ದು ಉಲ್ಟಾ. ಅಂದರೆ ಈ ಕೋಶಗಳು ಮೂಳೆ ಕೊಡುವುದರ ಜೊತೆಗೆ ಸಂದನ್ನು ತೆರೆದಿಡುವ ಕೆಲಸವನ್ನೂ ಮಾಡುತ್ತಿದ್ದವು. ಮರುವರ್ಷ ಆಕ್ಸಿನ್2 ಎಂಬ ಗುರುತಿನ ಕೋಶಗಳ ಬಗ್ಗೆ ಇನ್ನೊಂದು ತಂಡ ಹೇಳಿತು. ಆಮೇಲೆ ಬೇರೆ ಗುರುತುಗಳೂ ಬಂದವು. ಹೊಲಿಗೆಯಲ್ಲಿ ಒಂದೇ ಜಾತಿಯ ಕಾಂಡಕೋಶ ಇಲ್ಲ, ಹಲವು ಗುಂಪುಗಳಿವೆ ಅನ್ನುವುದು ಈಗಿನ ತಿಳುವಳಿಕೆ.

ತಲೆಬರಹದಲ್ಲೇ ಎಳೆತ, ಒತ್ತಡ ಅಂದಿರಿ. ಮಗು ಸುಮ್ನೆ ಮಲಗಿರುವಾಗ ತಲೆ ಮೇಲೆ ಯಾವ ಬಲ?

ಒಳಗಿನಿಂದ ಮಿದುಳು. ಹುಟ್ಟಿದಾಗ ತಲೆಯ ಸುತ್ತಳತೆ ಸುಮಾರು 35 ಸೆಂಟಿಮೀಟರ್. ಒಂದು ವರ್ಷಕ್ಕೆ ಸುಮಾರು 46. ಒಂದೇ ವರ್ಷದಲ್ಲಿ 11 ಸೆಂಟಿಮೀಟರ್! ಮಿದುಳು ಹಿಗ್ಗಿದಾಗ ಡ್ಯುರಾ ಬಿಗಿಯುತ್ತದೆ. ಮೂಳೆ ಗಟ್ಟಿ, ಅದು ಹಿಗ್ಗುವುದಿಲ್ಲ. ಮೆತ್ತಗಿರುವುದು ಹೊಲಿಗೆ ಒಂದೇ. ಹಾಗಾಗಿ ಎಳೆತ ಬಹುಪಾಲು ಅಲ್ಲೇ ಬಂದು ಕೂರುತ್ತದೆ. ಅಂಚಿನಲ್ಲಿ ಮೂಳೆ ಕಟ್ಟಿಸುವುದೂ ಆ ಎಳೆತವೇ.

ಇದು ನಿಧಾನದ, ಬಿಡದ ಎಳೆತ. ಇದರ ಮೇಲೆ ಚಿಕ್ಕ ಚಿಕ್ಕ ಅಲೆಗಳು ಬೇರೆ. ಹೃದಯ ಬಡಿದಾಗೆಲ್ಲ, ಉಸಿರಾಡಿದಾಗೆಲ್ಲ ತಲೆಯೊಳಗಿನ ಒತ್ತಡ ಸ್ವಲ್ಪ ಏರಿ ಇಳಿಯುತ್ತದೆ. ಮಗು ಮಲಗಿರುವಾಗ ನೆತ್ತಿಯ ಮೇಲೆ ಬೆರಳ ತುದಿಯನ್ನು ಹಗುರವಾಗಿ ಇಟ್ಟರೆ ಆ ಮಿಡಿತ ತಿಳಿಯುತ್ತದೆ. ಅತ್ತಾಗ ಅದೇ ಜಾಗ ತುಸು ಉಬ್ಬುತ್ತದೆ, ಸುಮ್ಮನಾದಾಗ ಇಳಿಯುತ್ತದೆ. ಹೊರಗಿನಿಂದ ದವಡೆ ಮತ್ತು ಕುತ್ತಿಗೆಯ ಸ್ನಾಯುಗಳು ಎಳೆಯುತ್ತವೆ. ಹುಟ್ಟುವ ಮೊದಲು ಗರ್ಭಕೋಶದ ಗೋಡೆ ಒತ್ತುತ್ತದೆ. ಹೆರಿಗೆಯ ಹೊತ್ತಿನಲ್ಲಂತೂ ಹಲಗೆಗಳು ಒಂದರ ಮೇಲೊಂದು ಜಾರಿ ತಲೆ ಕಿರಿದಾಗುತ್ತದೆ, ಕೆಲವೇ ದಿನಗಳಲ್ಲಿ ಮತ್ತೆ ತನ್ನ ಆಕಾರಕ್ಕೆ ಬರುತ್ತದೆ.

ಕೋಶಕ್ಕೆ ಕಣ್ಣಿಲ್ಲ, ಕಿವಿಯಿಲ್ಲ. ಯಾರೋ ಎಳೆಯುತ್ತಿದ್ದಾರೆ ಅಂತ ಹೇಗೆ ಗೊತ್ತಾಗುತ್ತದೆ?

ನನಗೆ ಈ ವಿಷಯದಲ್ಲಿ ಅತಿ ಪ್ರೀತಿಯ ಭಾಗ ಇದು. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಕೋಶ ತನ್ನ ಸುತ್ತಲಿನ ನಾರುಗಳನ್ನು ಇಂಟೆಗ್ರಿನ್ ಎಂಬ ಪ್ರೋಟೀನಿನಿಂದ ಹಿಡಿದುಕೊಂಡಿರುತ್ತದೆ. ಹೊರಗೆ ನಾರು, ಒಳಗೆ ಆಕ್ಟಿನ್ ಎಂಬ ಹುರಿ, ನಡುವೆ ಕೊಕ್ಕೆಯ ಹಾಗೆ ಇಂಟೆಗ್ರಿನ್. ನಾರು ಬಿಗಿದರೆ ಹುರಿಯೂ ಬಿಗಿಯುತ್ತದೆ. ಹುರಿಯ ಇನ್ನೊಂದು ತುದಿ ಕೋಶಕೇಂದ್ರಕ್ಕೆ ಕಟ್ಟಿದೆ. ಹಾಗಾಗಿ ಹೊರಗೆ ಎಳೆದರೆ ಒಳಗೆ ಜೀನ್‌ಗಳು ಕೂತಿರುವ ಕೋಶಕೇಂದ್ರವೇ ಚಪ್ಪಟೆಯಾಗುತ್ತದೆ. ಅಷ್ಟು ನೇರವಾದ ಹಗ್ಗ ಅದು.

ಕೋಶ ಸುಮ್ಮನೆ ಎಳೆಸಿಕೊಳ್ಳುವುದೂ ಇಲ್ಲ. ತಾನೇ ಆಗಾಗ ಹಗ್ಗ ಜಗ್ಗಿ ನೋಡುತ್ತದೆ. ಜಗ್ಗಿದಾಗ ಸುತ್ತಲಿನದು ಸಲೀಸಾಗಿ ಬಂದರೆ ಜಾಗ ಮೆತ್ತಗಿದೆ, ಬಾರದೆ ನಿಂತರೆ ಗಟ್ಟಿಯಿದೆ. ಗಟ್ಟಿಯಿದ್ದರೆ ಯಾಪ್ ಮತ್ತು ಟಾಜ್ ಎಂಬ ಎರಡು ಪ್ರೋಟೀನುಗಳು ಕೋಶಕೇಂದ್ರದೊಳಗೆ ಹೋಗಿ ಜೀನ್‌ಗಳನ್ನು ಚಾಲೂ ಮಾಡುತ್ತವೆ. ಮೆತ್ತಗಿದ್ದರೆ ಹೊರಗೇ ಉಳಿಯುತ್ತವೆ. ಇದು 2011ರಲ್ಲಿ ತಿಳಿಯಿತು. ಅದಕ್ಕೂ ಮೊದಲು, 2006ರಲ್ಲಿ, ಒಂದು ಸರಳ ಪ್ರಯೋಗ ಎಲ್ಲರ ಕಣ್ಣು ತೆರೆಸಿತ್ತು. ಮೂಳೆಮಜ್ಜೆಯ ಕಾಂಡಕೋಶಗಳನ್ನು ಬೇರೆ ಬೇರೆ ಗಟ್ಟಿತನದ ಜೆಲ್ ಮೇಲೆ ಬೆಳೆಸಿದರು. ಮಿದುಳಿನಷ್ಟು ಮೆತ್ತನೆ ಜೆಲ್ ಮೇಲೆ ಅವು ನರಕೋಶದ ದಾರಿ ಹಿಡಿದವು. ಸ್ನಾಯುವಿನಷ್ಟು ಗಟ್ಟಿಯಾದದ್ದರ ಮೇಲೆ ಸ್ನಾಯುವಿನ ದಾರಿ. ಅದಕ್ಕಿಂತ ಗಟ್ಟಿಯಾದದ್ದರ ಮೇಲೆ ಮೂಳೆಯ ದಾರಿ. ಮೇಲೆ ಸುರಿದ ದ್ರವ ಎಲ್ಲಕ್ಕೂ ಒಂದೇ. ಬದಲಾದದ್ದು ಕಾಲ ಕೆಳಗಿನ ನೆಲ ಮಾತ್ರ.

ಇನ್ನೊಂದು ದಾರಿ ಪಿಯೆಝೋ. ಇವು ಕೋಶದ ಪೊರೆಯಲ್ಲಿ ಕೂತಿರುವ ಬಾಗಿಲುಗಳು. ಪೊರೆ ಬಿಗಿದರೆ ಬಾಗಿಲು ತೆರೆದು ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ಆರ್ಡೆಮ್ ಪಟಪೂಟಿಯನ್ ಅವರ ಪ್ರಯೋಗಾಲಯ 72 ಜೀನ್‌ಗಳ ಪಟ್ಟಿ ಮಾಡಿಕೊಂಡು, ಒಂದೊಂದಾಗಿ ಬಾಯಿ ಮುಚ್ಚಿಸಿ, ಕೋಶವನ್ನು ಚುಚ್ಚಿ ಚುಚ್ಚಿ ನೋಡುತ್ತಾ 2010ರಲ್ಲಿ ಇದನ್ನು ಕಂಡುಹಿಡಿಯಿತು. 2021ರ ನೊಬೆಲ್‌ನಲ್ಲಿ ಅವರಿಗೂ ಪಾಲು ಸಿಕ್ಕಿತು. ಮೂಳೆಯ ಕೋಶಗಳಲ್ಲೂ ಪಿಯೆಝೋ1 ಇದೆ. ಅದಿಲ್ಲದ ಇಲಿಗಳ ಮೂಳೆ ಬಡವಾಗುತ್ತದೆ.

ಎಳೆದರೆ ಮೂಳೆ ಬೆಳೆಯುತ್ತದೆ ಅಂದಮೇಲೆ, ಅಷ್ಟು ಎಳೆತ ಇರುವ ಹೊಲಿಗೆ ಯಾಕೆ ಮೂಳೆಯಾಗಿ ಮುಚ್ಚಿಕೊಳ್ಳುವುದಿಲ್ಲ?

ತುಂಬಾ ಒಳ್ಳೆಯ ಪ್ರಶ್ನೆ. ಎಷ್ಟೋ ಜನ ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ.

ಮೊದಲನೆಯದಾಗಿ, ಎಳೆತ ಎರಡು ಕೆಲಸವನ್ನು ಒಟ್ಟಿಗೇ ಮಾಡುತ್ತದೆ. ಅಂಚಿನಲ್ಲಿ ಮೂಳೆ ಕಟ್ಟಿಸುತ್ತದೆ, ಜೊತೆಗೆ ಆ ಅಂಚುಗಳನ್ನೇ ದೂರ ಸರಿಸುತ್ತದೆ. ಮೂಳೆ ಎಷ್ಟು ಮುಂದೆ ಬಂತೋ ಸಂದು ಅಷ್ಟೇ ಹಿಂದೆ ಸರಿಯಿತು. ಎರಡೂ ಸಮವಾಗಿ ನಡೆದರೆ ಸಂದಿನ ಅಗಲ ಹಾಗೇ ಉಳಿದು ತಲೆ ಮಾತ್ರ ದೊಡ್ಡದಾಗುತ್ತದೆ.

ಎರಡನೆಯದಾಗಿ, ಹೊಲಿಗೆಯೊಳಗೆ ಎಲ್ಲ ಕೋಶಕ್ಕೂ ಒಂದೇ ಅನುಭವ ಆಗುವುದಿಲ್ಲ. ಅಂಚಿನ ಕೋಶದ ಕಾಲ ಕೆಳಗೆ ಗಟ್ಟಿ ಮೂಳೆ. ನಡುವಿನ ಕೋಶದ ಸುತ್ತ ಮೆತ್ತನೆ ನಾರು. ಎಳೆತ ಒಂದೇ ಆದರೂ ಎರಡಕ್ಕೂ ಕೇಳಿಸುವ ಮಾತು ಬೇರೆ. ಜೊತೆಗೆ ಮೂಳೆಯಾಗಬೇಡ ಅಂತ ತಡೆಯುವ ಟ್ವಿಸ್ಟ್1, ನಾಗಿನ್ ಥರದ ಪ್ರೋಟೀನುಗಳು ಸಂದಿನಲ್ಲೇ ಇರುತ್ತವೆ.

ಬಿತ್ತನೆ ಬೀಜದ ಹಾಗೆ ಯೋಚಿಸಿ. ಬೆಳೆದದ್ದನ್ನೆಲ್ಲ ಖರ್ಚು ಮಾಡಿದರೆ ಮುಂದಿನ ವರ್ಷ ಬಿತ್ತೋಕೆ ಏನೂ ಇಲ್ಲ. ಕಾಂಡಕೋಶ ಒಡೆದು ಎರಡಾದಾಗ ಕೆಲವು ಮರಿಗಳು ನಡುವೆ ಉಳಿಯಬೇಕು, ಉಳಿದವು ಅಂಚಿಗೆ ಹೋಗಿ ಮೂಳೆಯಾಗಬೇಕು. ಈ ಹಂಚಿಕೆ ತಪ್ಪಿ ಎಲ್ಲವೂ ಮೂಳೆಯ ಕಡೆಗೇ ಓಡಿದರೆ ಬಿತ್ತನೆ ಬೀಜ ಖಾಲಿ. ಸಂದು ಮುಚ್ಚಿತು. ಹೊಲಿಗೆ ತೆರೆದಿರುವುದು ಏನೂ ನಡೆಯದ ಸ್ಥಿತಿ ಅಲ್ಲ. ದಿನದಿನವೂ ಕಾಪಾಡಿಕೊಂಡು ಬರುವ ಲೆಕ್ಕ.

ಎಳೆಯುವ ಬದಲು ಅದುಮಿದರೆ?

ಬಲ ಎಷ್ಟು, ಎಷ್ಟು ಹೊತ್ತು, ಬಿಟ್ಟು ಬಿಟ್ಟೋ ಬಿಡದೆಯೋ ಅನ್ನುವುದರ ಮೇಲೆ ನಿಂತಿದೆ. ಬಿಡದೆ ಅದುಮಿದರೆ ಅಂಚಿನ ಬೆಳವಣಿಗೆ ಕುಗ್ಗುತ್ತದೆ, ಸಂದು ಕಿರಿದಾಗುತ್ತದೆ. ಇಲಿಯ ಗರ್ಭದಲ್ಲಿ ಮರಿಗಳು ಅವಧಿ ಮೀರಿ ಇಕ್ಕಟ್ಟಿನಲ್ಲಿ ಉಳಿಯುವಂತೆ ಮಾಡಿದ ಪ್ರಯೋಗಗಳಲ್ಲಿ ಹೊಲಿಗೆ ಬೇಗ ಮುಚ್ಚಿದ್ದು ಕಂಡಿದೆ. ಆದರೆ ಜಗಿಯುವಾಗ ಆಗುವ ಹಾಗೆ ಬಂದು ಹೋಗುವ ಒತ್ತಡದ ಪರಿಣಾಮ ಬೇರೆಯೇ. ಎಳೆತ ಒಳ್ಳೆಯದು, ಒತ್ತಡ ಕೆಟ್ಟದ್ದು ಅಂತ ಎರಡು ಖಾನೆ ಮಾಡಿಬಿಟ್ಟರೆ ತಪ್ಪಾಗುತ್ತದೆ.

ಡ್ಯುರಾ ಪೊರೆಗೆ ಏನು ಪಾತ್ರ?

ದೊಡ್ಡ ಪಾತ್ರ. ಮಿದುಳಿನ ಎಳೆತವನ್ನು ಹೊಲಿಗೆಗೆ ತಲುಪಿಸುವುದು ಅದೇ, ರಾಸಾಯನಿಕ ಸಂದೇಶ ಕಳಿಸುವುದೂ ಅದೇ. 1990ರ ದಶಕದಲ್ಲಿ ಇಲಿಯ ಹೊಲಿಗೆಯನ್ನು ಕಿತ್ತು ಬೇರೆ ಕಡೆ ಕಸಿ ಮಾಡಿದರು. ಡ್ಯುರಾ ಜೊತೆಗಿದ್ದಾಗ ತೆರೆದೇ ಉಳಿಯಿತು. ಇಲ್ಲದಾಗ ಮುಚ್ಚಿತು.

ಹೊಲಿಗೆ ಯಾಕೆ ಅಂಕುಡೊಂಕು?

ಹಸುಗೂಸಿನಲ್ಲಿ ಹೊಲಿಗೆ ಬಹುಪಾಲು ನೇರ. ದೊಡ್ಡವರ ಬುರುಡೆ ನೋಡಿ, ನದಿಯ ಹಾಗೆ ಬಳುಕುತ್ತದೆ. ಗರಗಸದ ಹಲ್ಲಿನ ಹಾಗೆ ಒಂದರೊಳಗೊಂದು ಕೂತಿರುತ್ತದೆ. ಇದರಲ್ಲಿ ಬಲದ ಕೈವಾಡ ಚೆನ್ನಾಗಿಯೇ ಕಾಣುತ್ತದೆ. ಮಯೋಸ್ಟ್ಯಾಟಿನ್ ಎಂಬ ಜೀನ್ ಇಲ್ಲದ ಇಲಿಗಳಿಗೆ ಸ್ನಾಯು ಜಾಸ್ತಿ, ದವಡೆಯೂ ಬಲಿಷ್ಠ. ಅವುಗಳ ನಡುನೆತ್ತಿಯ ಹೊಲಿಗೆ ಮಾಮೂಲಿ ಇಲಿಗಿಂತ ಹೆಚ್ಚು ಅಂಕುಡೊಂಕಾಗಿತ್ತು. ಹೀಗೆ ಹೆಣೆದುಕೊಂಡ ಹೊಲಿಗೆ ಪೆಟ್ಟನ್ನು ಚೆನ್ನಾಗಿ ತಡೆಯುತ್ತದೆ. ಆಡಿನ ಬುರುಡೆಯ ಮೇಲೆ ಮಾಡಿದ ಪರೀಕ್ಷೆಗಳಲ್ಲಿ ಹೊಲಿಗೆಯಿದ್ದ ತುಂಡು ಬರಿ ಮೂಳೆಗಿಂತ ಜಾಸ್ತಿ ಶಕ್ತಿ ಹೀರಿಕೊಂಡಿತು.

ಹೊಲಿಗೆ ಬೇಗ ಮುಚ್ಚಿಕೊಂಡರೆ ಏನಾಗುತ್ತದೆ?

ಇದಕ್ಕೆ ಕ್ರೇನಿಯೋಸಿನೊಸ್ಟೋಸಿಸ್ ಅನ್ನುತ್ತಾರೆ. ಸುಮಾರು 2000ದಿಂದ 2500 ಮಕ್ಕಳಲ್ಲಿ ಒಬ್ಬರಿಗೆ ಬರುತ್ತದೆ. ಮಿದುಳು ಬೆಳೆಯುವುದನ್ನು ನಿಲ್ಲಿಸುವುದಿಲ್ಲ. ಮುಚ್ಚಿದ ಕಡೆ ದಾರಿ ಇಲ್ಲದೆ, ತೆರೆದಿರುವ ಕಡೆಗೆ ತಳ್ಳುತ್ತದೆ. ನಡುನೆತ್ತಿಯ ಹೊಲಿಗೆ ಮುಚ್ಚಿದರೆ ತಲೆ ಅಗಲವಾಗದೆ ಹಿಂದಕ್ಕೂ ಮುಂದಕ್ಕೂ ಉದ್ದವಾಗುತ್ತದೆ, ದೋಣಿಯ ಹಾಗೆ. ಜಾಸ್ತಿ ಕಂಡುಬರುವುದು ಇದೇ. ಹಣೆಯದು ಮುಚ್ಚಿದರೆ ಹಣೆ ತ್ರಿಕೋನ. ಒಂದು ಬದಿಯ ಕೊರೋನಲ್ ಮುಚ್ಚಿದರೆ ಹಣೆ, ಕಣ್ಣಗುಳಿ ಎಲ್ಲ ಓರೆ. ಮುಚ್ಚಿದ ಹೊಲಿಗೆಗೆ ಅಡ್ಡಲಾಗಿ ಬೆಳವಣಿಗೆ ನಿಲ್ಲುತ್ತದೆ, ಉದ್ದಕ್ಕೆ ಹೆಚ್ಚುತ್ತದೆ ಎಂಬ ಈ ನಿಯಮವನ್ನು ಜರ್ಮನಿಯ ರುಡಾಲ್ಫ್ ವಿರ್ಚೋ 1851ರಲ್ಲೇ ಹೇಳಿದ್ದರು.

ಕೆಲವು ಮಕ್ಕಳಲ್ಲಿ ತಲೆಯೊಳಗಿನ ಒತ್ತಡ ಏರುತ್ತದೆ. ಕಣ್ಣಿನ ನರಕ್ಕೂ ಕಲಿಕೆಗೂ ಪೆಟ್ಟು ಬೀಳಬಹುದು. ಹಾಗಾಗಿ ಇದನ್ನು ಬರೀ ಅಂದಚೆಂದದ ವಿಷಯ ಅಂತ ತಳ್ಳಿಹಾಕುವುದು ನನಗೆ ಸರಿ ಕಾಣುವುದಿಲ್ಲ.

ಹಾಗಾದರೆ ಕಾರಣ ಜೀನೋ, ಬಲವೋ?

ಎರಡೂ. ಹೊಲಿಗೆ ಬೇಗ ಮುಚ್ಚುವುದು ಕೆಲವು ಸಲ ಹುಟ್ಟುಕಾಯಿಲೆಯೊಂದರ ಭಾಗವಾಗಿ ಬರುತ್ತದೆ, ಅಂಥದ್ದಕ್ಕೆ ಸಿಂಡ್ರೋಮ್ ಅನ್ನುತ್ತಾರೆ. ಏಪರ್ಟ್ ಮತ್ತು ಕ್ರೂಝೋನ್ ಸಿಂಡ್ರೋಮ್‌ಗಳಲ್ಲಿ ಎಫ್‌ಜಿಎಫ್‌ಆರ್2 ಜೀನ್ ಬದಲಾಗಿರುತ್ತದೆ, ಮ್ಯೂಂಕೆಯಲ್ಲಿ ಎಫ್‌ಜಿಎಫ್‌ಆರ್3, ಸೇಥ್ರೆ-ಚೋಟ್ಜನ್‌ನಲ್ಲಿ ಟ್ವಿಸ್ಟ್1. ಟ್ವಿಸ್ಟ್1ರ ಒಂದು ಪ್ರತಿ ಕಳೆದುಕೊಂಡ ಇಲಿಗಳ ಹೊಲಿಗೆಯಲ್ಲಿ ಗ್ಲಿ1 ಕೋಶಗಳು ಕಡಿಮೆಯಾಗಿರುತ್ತವೆ. ಬಿತ್ತನೆ ಬೀಜ ಮೊದಲೇ ಮುಗಿದ ಹಾಗೆ.

ಆದರೆ ಹೆಚ್ಚಿನ ಮಕ್ಕಳಿಗೆ ಯಾವ ಸಿಂಡ್ರೋಮೂ ಇರುವುದಿಲ್ಲ, ಒಂದೇ ಹೊಲಿಗೆ ಮುಚ್ಚಿರುತ್ತದೆ. ಬಲದ ಕೈ ಎಷ್ಟಿದೆ ಅಂತ ತೋರಿಸುವ ಎರಡು ಉದಾಹರಣೆ ಕೊಡುತ್ತೇನೆ. ಮಿದುಳು ಸರಿಯಾಗಿ ಬೆಳೆಯದ ಮಕ್ಕಳಲ್ಲಿ ಎಳೆತ ಸಾಲದೆ ಹೊಲಿಗೆಗಳು ಬೇಗ ಮುಚ್ಚಬಹುದು. ಮಿದುಳಲ್ಲಿ ನೀರು ತುಂಬಿದ ಮಗುವಿಗೆ ನಳಿಕೆ ಇಟ್ಟು ನೀರು ತೆಗೆದಾಗ, ತೀರಾ ಜಾಸ್ತಿ ಬಸಿದುಹೋದರೆ, ಆಗಲೂ ಹಾಗೆಯೇ. ಈ ಎರಡರಲ್ಲೂ ತೊಂದರೆ ಶುರುವಾದದ್ದು ಹೊಲಿಗೆಯಲ್ಲಿ ಅಲ್ಲ, ಎಳೆತ ಕಡಿಮೆಯಾದದ್ದರಲ್ಲಿ. ನನ್ನ ಮಟ್ಟಿಗೆ ಜೀನ್ ಅಂದರೆ ಕೋಶದ ಕಿವಿ, ಬಲ ಅಂದರೆ ಅದಕ್ಕೆ ಹೇಳುವ ಮಾತು. ಕಿವಿ ಕೆಟ್ಟರೂ ಮಾತು ತಪ್ಪಿದರೂ ಕೋಶ ತಪ್ಪು ಉತ್ತರವನ್ನೇ ಕೊಡುತ್ತದೆ.

ಬಸುರಿಯಲ್ಲಿ ನಾನು ಏನೋ ತಪ್ಪು ಮಾಡಿದ್ದರಿಂದ ಹೀಗಾಯಿತಾ?

ಇಲ್ಲ. ಗರ್ಭದಲ್ಲಿ ಜಾಗ ಇಕ್ಕಟ್ಟಾಗುವುದು ಮಗುವಿನ ಗಾತ್ರ, ಅವಳಿ-ಜವಳಿ, ಮಗು ತಿರುಗಿಕೊಂಡಿರುವ ರೀತಿ, ಇಂಥದ್ದರಿಂದ. ಬಗ್ಗಿದ್ದರಿಂದ, ಮಗ್ಗುಲಾಗಿ ಮಲಗಿದ್ದರಿಂದ ಹೊಲಿಗೆ ಮುಚ್ಚುವುದಿಲ್ಲ. ದಯವಿಟ್ಟು ಆ ಭಾರ ಇಳಿಸಿಬಿಡಿ.

ಮಗುವಿನ ಹಿಂದಲೆ ಒಂದು ಕಡೆ ಚಪ್ಪಟೆಯಾಗಿದೆ. ಇದೂ ಅದೇನಾ?

ಬಹುತೇಕ ಅಲ್ಲ. ಒಂದೇ ಕಡೆ ತಲೆಯಿಟ್ಟು ಮಲಗಿದರೆ ಮೆತ್ತನೆ ಬುರುಡೆ ಆ ಕಡೆ ಚಪ್ಪಟೆಯಾಗುತ್ತದೆ. ಹೊಲಿಗೆ ಮಾತ್ರ ತೆರೆದೇ ಇರುತ್ತದೆ. ಮೇಲಿನಿಂದ ನೋಡಿದರೆ ಚಪ್ಪಟೆಯಾದ ಬದಿಯ ಕಿವಿ ಮತ್ತು ಹಣೆ ಸ್ವಲ್ಪ ಮುಂದೆ ಸರಿದಿರುತ್ತವೆ, ತಲೆ ಒಂದು ಕಡೆಗೆ ವಾಲಿದ ಚೌಕದ ಹಾಗೆ ಕಾಣುತ್ತದೆ. ಎಚ್ಚರವಿರುವಾಗ ಕಣ್ಣೆದುರೇ ಹೊಟ್ಟೆ ಮೇಲೆ ಆಡಲು ಬಿಡುವುದು, ತಲೆಯ ದಿಕ್ಕು ಬದಲಿಸುವುದು ಸಾಕಾಗುತ್ತದೆ. ನಿದ್ದೆಗೆ ಮಾತ್ರ ಬೆನ್ನ ಮೇಲೇ ಮಲಗಿಸಿ. ತಲೆ ಚಪ್ಪಟೆಯಾಗುತ್ತದೆ ಅಂತ ಬೋರಲು ಮಲಗಿಸಬೇಡಿ, ಅದು ಜೀವಕ್ಕೇ ಅಪಾಯ.

ಬಲವನ್ನೇ ಚಿಕಿತ್ಸೆಯಾಗಿ ಬಳಸಬಹುದಾ?

ಈಗಾಗಲೇ ಬಳಸುತ್ತಿದ್ದಾರೆ. 1997ರಲ್ಲಿ ಸ್ವೀಡನ್ನಿನ ಗೊಥೆನ್‌ಬರ್ಗ್‌ನಲ್ಲಿ ಕ್ಲಾಸ್ ಲಾರಿಟ್ಜನ್ ಅವರು ಮುಚ್ಚಿದ ಹೊಲಿಗೆಯನ್ನು ಕತ್ತರಿಸಿ, ಅಂಚುಗಳ ನಡುವೆ ಉಕ್ಕಿನ ಸ್ಪ್ರಿಂಗ್ ಇಟ್ಟರು. ಅದು ತಿಂಗಳುಗಟ್ಟಲೆ ಮೆಲ್ಲಗೆ ಅಂಚುಗಳನ್ನು ದೂರ ತಳ್ಳುತ್ತದೆ. ಆಮೇಲೆ ಸಣ್ಣ ಆಪರೇಷನ್‌ನಲ್ಲಿ ತೆಗೆಯುತ್ತಾರೆ. ಇನ್ನೊಂದು ದಾರಿ, ಸಣ್ಣ ತೂತಿನಿಂದ ಒಳಗೆ ನೋಡುವ ಕೊಳವೆಯಾದ ಎಂಡೋಸ್ಕೋಪ್‌ನಿಂದ ಮುಚ್ಚಿದ ಹೊಲಿಗೆಯ ಪಟ್ಟಿ ತೆಗೆದು, ತಿಂಗಳುಗಟ್ಟಲೆ ಹೆಲ್ಮೆಟ್ ಹಾಕುವುದು. ಬೆಳೆಯುವ ಮಿದುಳೇ ತಳ್ಳುತ್ತದೆ, ಹೆಲ್ಮೆಟ್ ದಿಕ್ಕು ತೋರಿಸುತ್ತದೆ. ಇವೆರಡೂ ಮೊದಲ ಕೆಲವು ತಿಂಗಳಲ್ಲೇ ಚೆನ್ನಾಗಿ ಕೆಲಸ ಮಾಡುವುದು, ಯಾಕೆಂದರೆ ತಳ್ಳುವ ಶಕ್ತಿ ಆಗಲೇ ಜಾಸ್ತಿ.

ಬಾಯಿಯ ಮೇಲಂಗಳದಲ್ಲೂ ನಡುವೆ ಒಂದು ಹೊಲಿಗೆ ಇದೆ. ಹಲ್ಲಿನ ವೈದ್ಯರು ಸ್ಕ್ರೂ ತಿರುಗಿಸಿ ಅಂಗಳ ಅಗಲ ಮಾಡುವುದು ಅದನ್ನು ಎಳೆದೇ. 1860ರಲ್ಲೇ ಅಮೆರಿಕದ ಎಮರ್ಸನ್ ಏಂಜೆಲ್ ಇದನ್ನು ಮಾಡಿ ಬರೆದಿಟ್ಟಿದ್ದರು. ಕಾಂಡಕೋಶ ಅನ್ನುವ ಪದವೇ ಇಲ್ಲದ ಕಾಲ! ಸಂದು ಅಗಲವಾದ ಮೇಲೆ ಅದನ್ನು ತುಂಬುವುದು ಅಲ್ಲಿನ ಕೋಶಗಳೇ. 2023ರಲ್ಲಿ ಇಲಿಯ ನಡುನೆತ್ತಿಯ ಹೊಲಿಗೆಯನ್ನು ಹೀಗೇ ಹಿಗ್ಗಿಸಿ ನೋಡಿದಾಗ ಕಾಂಡಕೋಶಗಳು ಹೆಚ್ಚಿದವು, ಪಕ್ಕದ ಮೂಳೆಯಲ್ಲಿ ಮಾಡಿದ ತೂತನ್ನು ತುಂಬಲೂ ನೆರವಾದವು.

ಕಾಂಡಕೋಶ ಇಟ್ಟು ಹೊಸ ಹೊಲಿಗೆಯನ್ನೇ ಬೆಳೆಸೋಕೆ ಆಗುತ್ತದಾ?

ಇಲಿಗಳಲ್ಲಿ ಆಗಿದೆ. 2021ರಲ್ಲಿ ಯಾಂಗ್ ಚಾಯ್ ಅವರ ತಂಡವೇ ಟ್ವಿಸ್ಟ್1 ಕೊರತೆಯ ಇಲಿಗಳ ಮುಚ್ಚಿದ ಹೊಲಿಗೆ ಕತ್ತರಿಸಿ, ಗ್ಲಿ1 ಕೋಶಗಳನ್ನು ಜೆಲಾಟಿನ್‌ನಿಂದ ಮಾಡಿದ ಮೆತ್ತನೆ ಆಧಾರದಲ್ಲಿ ತುಂಬಿ ಅಲ್ಲಿಟ್ಟಿತು. ಹೊಲಿಗೆ ಮತ್ತೆ ಬೆಳೆಯಿತು, ತೆರೆದೇ ಉಳಿಯಿತು. ತಲೆಯ ಒತ್ತಡ ಇಳಿಯಿತು, ಕಲಿಕೆಯೂ ಸುಧಾರಿಸಿತು. ಮನುಷ್ಯರಿಗೆ ಇದು ಇನ್ನೂ ಚಿಕಿತ್ಸೆಯಾಗಿಲ್ಲ. ಈಗಲೇ ಮಾಡಿಕೊಡುತ್ತೇವೆ ಅಂತ ಯಾರಾದರೂ ಹಣ ಕೇಳಿದರೆ ಕೊಡಬೇಡಿ.

ದೊಡ್ಡವರಲ್ಲಿ ಹೊಲಿಗೆಗಳು ಇರುತ್ತವಾ?

ಇರುತ್ತವೆ. ಹಣೆಯದು ಮೊದಲ ವರ್ಷದಲ್ಲೇ ಮುಚ್ಚುತ್ತದೆ, ಅದು ಸಹಜ. ಉಳಿದವು 20, 30 ವಯಸ್ಸು ದಾಟಿದ ಮೇಲೆ ನಿಧಾನವಾಗಿ ಬೆಸೆಯುತ್ತವೆ, ಕೆಲವರಲ್ಲಿ ಕೊನೆವರೆಗೂ ಪೂರ್ತಿ ಬೆಸೆಯುವುದಿಲ್ಲ. ಒಬ್ಬರಿಗೂ ಇನ್ನೊಬ್ಬರಿಗೂ ಇಷ್ಟು ವ್ಯತ್ಯಾಸ ಇರುವುದರಿಂದಲೇ ಬರೀ ಹೊಲಿಗೆ ನೋಡಿ ಬುರುಡೆಯ ವಯಸ್ಸು ಹೇಳುವುದು ನೆಚ್ಚಿಕೊಳ್ಳುವಂಥದ್ದಲ್ಲ.

ಮಗುವಿನ ತಲೆಯಲ್ಲಿ ನಾವು ಏನು ಗಮನಿಸಬೇಕು?

ಮೇಲಿನಿಂದ ಒಂದು ಫೋಟೋ ತೆಗೆಯಿರಿ, ತಿಂಗಳಿಗೊಂದು. ಓರೆ ಅಥವಾ ಉದ್ದ ಆಕಾರ ಹೆಚ್ಚುತ್ತಾ ಹೋದರೆ, ಹೊಲಿಗೆಯ ಜಾಗದಲ್ಲಿ ಗಟ್ಟಿ ಏಣು ಕೈಗೆ ಸಿಕ್ಕರೆ, ತಲೆಯ ಸುತ್ತಳತೆ ಏರದೆ ನಿಂತರೆ ಮಕ್ಕಳ ವೈದ್ಯರಿಗೆ ತೋರಿಸಿ. ಅಳದೆ ಸುಮ್ಮನೆ ಕೂತಿರುವಾಗಲೂ ನೆತ್ತಿ ಉಬ್ಬಿಯೇ ಇದ್ದರೆ ಅದೇ ದಿನ ಹೋಗಿ. ಹಿಂದಿನ ಚಿಕ್ಕ ನೆತ್ತಿ ಎರಡು ಮೂರು ತಿಂಗಳಲ್ಲಿ, ಮುಂದಿನ ದೊಡ್ಡದು ಸಾಮಾನ್ಯವಾಗಿ ಒಂದರಿಂದ ಎರಡು ವರ್ಷದೊಳಗೆ ಮುಚ್ಚುತ್ತದೆ. ನೆತ್ತಿ ತೆರೆದಿದೆ ಅಂದಮಾತ್ರಕ್ಕೆ ಎಲ್ಲ ಹೊಲಿಗೆಗಳೂ ತೆರೆದಿವೆ ಅಂತ ಅಲ್ಲ. ಹಾಗಾಗಿ ಆಕಾರ ಅನುಮಾನ ಹುಟ್ಟಿಸಿದರೆ ಒಂದು ವರ್ಷದವರೆಗೆ ಕಾದು ನೋಡೋಣ ಅನ್ನಬೇಡಿ, ಮೂರು ನಾಲ್ಕು ತಿಂಗಳೊಳಗೇ ತೋರಿಸಿ. ಸ್ಪ್ರಿಂಗ್, ಎಂಡೋಸ್ಕೋಪ್ ಥರದ ಚಿಕ್ಕ ಆಪರೇಷನ್‌ಗಳಿಗೆ ಅವಕಾಶ ಇರುವುದು ಆಗಲೇ.